ಒಂದು ನೂಲು ಹೆಚ್ಚು

ಖಡೇ ಬಜಾರಿನ್ಯಾಗ ತಾಂಬಟ ಮಾಮಾನ ಅಂಗಡಿ.
ಗ್ವಾಡಿಗೆ ಜೋತು ಬಿದ್ದಾವ ಹುರಿಯೋ ತವಾಗಳು,
ಎಂಟಿಂಚಿಂದು, ಹತ್ತಿಂಚಿಂದು, ಹನ್ನೆರಡಿಂಚಿಂದು,
ಎಲ್ಲಾಕಿಂತ ಮ್ಯಾಲೆ ಲಗ್ನದ ಮನಿಗೆ ಬಾಡಿಗಿ ಹೋಗೋ ಕಡಾಯಿ,
ಅದರಾಗ ಕೂಸಿಗೆ ನೀರು ಎರೀಬಹುದು.

"ಕಿತಿ ಜಣ?" ಅಂದ ಮಾಮಾ.
ಮತ್ತ ಕನ್ನಡದಾಗ, "ಮನ್ಯಾಗ ಎಷ್ಟು ಮಂದಿ?"
ಈ ಊರಾಗ ಒಂದು ಪ್ರಶ್ನೆ ಎರಡು ಸಲ ಕೇಳತಾರ.
ಎರಡು ಸಲಾನೂ ನನಗ ಉತ್ತರ ಹೊಳೀಲಿಲ್ಲ.

ಹೋದ ತಿಂಗಳ ತನಕ ಒಂಬತ್ತು.
ಈಗ ಅಂಗಳದ ನಡುವ ಒಂದು ಇಟ್ಟಂಗಿ ಗ್ವಾಡಿ,
ಅತ್ಲಾಗ ಆರು, ಇತ್ಲಾಗ ಮೂರು.
ಜಗಳಿಲ್ಲ ಏನಿಲ್ಲ. ಅಣ್ಣನ ಮಗನ ಲಗ್ನ ಆತು, ಖೋಲಿ ಸಾಲಲಿಲ್ಲ.
ಮನಿ ಹಂಚಿಕೊಂಡ್ವಿ, ಹಂಚು ಹಂಚಾಕ ಬರಲಿಲ್ಲ.
ವೈನಿ ತಾವಾಗೇ ಎತ್ತಿಕೊಂಡು ಬಂದಿದ್ರು,
ನೀಲಾ ಒಲ್ಲೆ ಅಂದ್ಲು:
"ಅದರ ಕೆಳಗ ನಮ್ಮ ಗ್ಯಾಸು ಹಣತಿ ಇಟ್ಟಂಗ ಕಾಣತೈತಿ."

ನನ್ನ ಕಿಸೆದಾಗ ಒಂದು ದಾರದ ತುಂಡು.
ಒಲಿ ಆರಿದ ಮ್ಯಾಲೆ ಬರ್ನರಿನ ಅಗಲ ಅಳದು
ಎರಡು ಗಂಟು ಹಾಕೇನಿ.
ಮೂರನೇ ಗಂಟು ನೀಲಾ ಹಾಕಿದ್ದು, ಸಿಂಕಿನ ಅಗಲ.
"ತಿಕ್ಕೂದು ಯಾರರ ಇರಲಿ, ಅದರಾಗ ಹೊರಳಬೇಕು."

ಇಪ್ಪತ್ತೊಂದು ವರ್ಷ ಉದ್ಯಮಬಾಗದಾಗ
ಬೀಡು ಹೊಯ್ದವ ನಾನು, ಪಂಪಿನ ಹೊಟ್ಟಿ, ಗಾಲಿಯ ಗುಂಬ.
ಹೊಳೆಯೋ ನಾನ್‌ಸ್ಟಿಕ್ ಸರಿಸಿ
ಬೀಡಿನ ಅಂಚಿಗೆ ಬೆರಳು ಬಡದೆ.
ಹತ್ತಿಂಚಿಂದು ಟಣ್ ಅಂತು, ಒಳಗ ಬಿರುಕಿಲ್ಲ.
ಹನ್ನೆರಡಿಂಚಿಂದರ ಹಿಡಿಕಿ ಹಿಡದು ಎತ್ತಿದೆ,
ರಟ್ಟಿ ಬ್ಯಾಡ ಅಂತು.
ಕುದಿಯೋ ಕಬ್ಬಿಣದ ಲ್ಯಾಡಲ್ ಎತ್ತೂ ರಟ್ಟಿ ಹಂಗಂದ್ರ,
ಆರಕ್ಕ ದವಾಖಾನಿ ಪಾಳಿಗೆ ಹೊರಡಾಕಿಯ ಮಣಿಕಟ್ಟು ಏನಂದೀತು?

ತವಾದ ಅಳತಿ ಬಾಯಿಂದ ಹೇಳತಾರ, ಅಡಿಗಿ ತಳದಾಗ ಆಗತೈತಿ.
ಬಾಯಿ ಹತ್ತಿದ್ರ ತಳ ಎಂಟು.
ಸಣ್ಣ ಉರಿ ಮ್ಯಾಲೆ ದೊಡ್ಡದಿಟ್ರ ನಡುವ ಕರಕು, ಅಂಚಿಗೆ ಹಸಿ.
ಸಣ್ಣದ್ರಾಗ ಬಾಳ ಸುರುವಿದ್ರ
ಬದನಿ ಹೋಳು ಒಂದರ ಮ್ಯಾಲೊಂದು ಏರಿ ಬೆವರತಾವ,
ಹುರೀರಿ ಅಂದ್ರ ಬೇಯತಾವ,
ಉದ್ಯಮಬಾಗದ ಏಳೂವರಿ ಬಸ್ಸಿನ ಮಂದಿ ಹಂಗ.
ಹುರಿಯಾಕ ಹೋಳಿಗೂ ಹೋಳಿಗೂ ನಡುವ
ಒಂದು ಬೆರಳು ಜಾಗ ಬೇಕು.
ಅಂಗಳದಾಗ ಗ್ವಾಡಿ ಕಟ್ಟಿದ್ದೂ ಅದಕ್ಕs ಇರಬೇಕು.

"ಮೂರು ಮಂದಿಗೆ ಎಂಟಿಂಚು ರಗಡ" ಅಂದ ಮಾಮಾ,
ಸುತ್ತಾಕ ಹಳೇ ಪೇಪರು ಹರಕೋತ.
ಲೆಕ್ಕ ಬರೋಬರಿ ಇತ್ತು. ದಾರಾನೂ ಹೌದಂತು.

ಆದ್ರ ಅಚ್ಚಿನವರದೊಂದು ರೂಢಿ ಐತಿ.
ಕರಗಿದ ಕಬ್ಬಿಣ ಆರಿದ ಮ್ಯಾಲೆ ಕುಗ್ಗತೈತಿ,
ಫೂಟಿಗೆ ಒಂದು ನೂಲು.
ಅದಕ್ಕ ಅಚ್ಚು ಅಷ್ಟು ಮೊದಲs ದೊಡ್ಡದು ಮಾಡ್ತೀವಿ.
ನಮ್ಮ ಪಟ್ಟಿಯೊಳಗಿನ ಇಂಚು
ಬಜಾರಿನ ಇಂಚಿಗಿಂತ ಉದ್ದ,
ಹೊರಗಿನವರಿಗೆ ಹೇಳಿದ್ರ ನಗತಾರ.
ನಮ್ಮ ಮನಿ ಆರಾಕ ಹತ್ತಿ ಒಂದs ತಿಂಗಳಾತು.
ಎಷ್ಟು ಕುಗ್ಗೀತು, ಯಾವ ಪಟ್ಟಿ ಹೇಳೀತು?
ಐತವಾರ ಗ್ವಾಡಿ ಆಚೆ ಗೌತಮಿ ತುದಿಗಾಲಿನ ಮ್ಯಾಲೆ ನಿಂತು
"ಕಾಕಾ, ಏನ ವಾಸನಿ?" ಅಂತಾಳ,
ಕೈಯಾಗ ತಾಟು ಹಿಡಕೊಂಡs.

ಹತ್ತಿಂಚಿಂದು ಸುತ್ತಿಸಿದೆ.

ನೀಲಾ ಒಂದs ಕೈಲೆ ಎತ್ತಿ ನೋಡಿದ್ಲು.
ಸಿಂಕಿನಾಗ ಹೊರಳಿಸಿದ್ಲು, ಹೊರಳಿತು,
ಹಿಡಿಕಿಯಷ್ಟು ನಳಕ್ಕ ತಾಗಿತು.
ಎಂಟಿಂಚಿಂದು ಇರಲಿಲ್ಲೇನು ಅಂತ ಕೇಳಲಿಲ್ಲ.

ಎಣ್ಣಿ ಸವರಿ ರಾತ್ರಿಪೂರ್ತಿ ಇಟ್ವಿ.
ಮರುದಿನ ಮೊದಲು ಹುರಿದದ್ದು ಹಾಗಲಕಾಯಿ.
ಹನ್ನೊಂದು ಗಾಲಿ ಆರಾಮ ಕುಂತವು.
ಹನ್ನೆರಡನೇದಕ್ಕ ಜಾಗ ಇತ್ತು,
ಹಂಗs ಬಿಟ್ಟೆ.